ಮನೆಯಲ್ಲೇ ಇಂಕ್‌ಜೆಟ್ ಕಾರ್ಟ್ರಿಜ್‌ಗೆ ಇಂಕು ತುಂಬುವ ಕ್ರಮ: ವಿಜಯಪುರದ ಬಿಸಿಲು, ಧೂಳು ಮತ್ತು ಗಡಸು ನೀರಿನ ನಡುವೆ

ಇಂಕ್‌ಜೆಟ್ ಕಾರ್ಟ್ರಿಜ್‌ಗೆ ಮನೆಯಲ್ಲಿ ಇಂಕು ತುಂಬಲು ಹೋಗಿ ಬೇಸತ್ತವರಲ್ಲಿ ಬಹುಪಾಲು ಜನರ ಕೆಲಸ ಕೆಡುವುದು ಸೂಜಿ ಚುಚ್ಚುವುದಕ್ಕೆ ಎಷ್ಟೋ ಮೊದಲು. ಅಕ್ಷರ ಮಸುಕಾದ ಮೇಲೂ ಇನ್ನೆರಡು ಹಾಳೆ ಬಂದಾವು ಎಂದು ಪ್ರಿಂಟ್ ಕೊಡುತ್ತಲೇ ಹೋಗಿ, ಕೊನೆಗೆ ಬಿಳಿ ಹಾಳೆ ಹೊರಬಂದಾಗ ಕಾರ್ಟ್ರಿಜನ್ನು ಕಳಚಿ ಕಪಾಟಿನಲ್ಲಿಟ್ಟು, ಪೇಟೆಗೆ ಹೋದಾಗ ಇಂಕು ತಂದರಾಯಿತು ಎಂದು ಬಿಟ್ಟರೆ, ಮರಳಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಒಳಗಿನ ಸ್ಪಂಜು ಒಣಗಿ, ಇಂಕು ಚಿಮ್ಮುವ ಅತಿ ಸಣ್ಣ ರಂಧ್ರಗಳಾದ ನಾಜಲ್‌ಗಳು ಕಟ್ಟಿಕೊಂಡಿರುತ್ತವೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯಾದ್ದರಿಂದ ಇಲ್ಲಿ ಅದಕ್ಕೆ ಹೆಚ್ಚು ದಿನ ಹಿಡಿಯುವುದಿಲ್ಲ. ಇಂಕು ಪೂರ್ತಿ ತೀರುವ ಮೊದಲೇ ತುಂಬಬೇಕು, ತುಂಬುವಾಗ ನಿಧಾನವಾಗಿ ತುಂಬಬೇಕು. ಮುಂದೆ ಹೇಳುವ ಹಂತಗಳೆಲ್ಲವೂ ಈ ಎರಡು ಮಾತಿಗೆ ಕಟ್ಟುಬಿದ್ದಿವೆ.

ಮೊದಲು ನಿಮ್ಮ ಪ್ರಿಂಟರ್ ಯಾವ ಬಗೆಯದು ಎಂದು ನೋಡಿಕೊಳ್ಳಿ

ಎಚ್‌ಪಿ ಕಂಪನಿಯ 802, 803, 678, 680, 682, 805 ಸಂಖ್ಯೆಯ ಕಾರ್ಟ್ರಿಜ್‌ಗಳು, ಕ್ಯಾನನ್ ಕಂಪನಿಯ ಪಿಜಿ-745, ಸಿಎಲ್-746, ಪಿಜಿ-47, ಸಿಎಲ್-57 ಮುಂತಾದವು ನಮ್ಮಲ್ಲಿ ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ಹೆಚ್ಚಾಗಿ ಕಾಣಸಿಗುತ್ತವೆ. ಇವುಗಳಲ್ಲಿ ಇಂಕು ಹಿಡಿದಿಡುವ ಸ್ಪಂಜು, ಇಂಕು ಚಿಮ್ಮಿಸುವ ನಾಜಲ್ ಪಟ್ಟಿ, ಪ್ರಿಂಟರಿನೊಡನೆ ಮಾತಾಡುವ ತಾಮ್ರದ ಬಣ್ಣದ ಚುಕ್ಕೆಗಳು, ಎಲ್ಲವೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಈ ಬರಹ ಮುಖ್ಯವಾಗಿ ಇಂಥ ಕಾರ್ಟ್ರಿಜ್‌ಗಳನ್ನು ಕುರಿತದ್ದು. ಎಪ್ಸನ್‌ನ ಎಲ್ ಸರಣಿ, ಕ್ಯಾನನ್‌ನ ಜಿ ಸರಣಿ, ಎಚ್‌ಪಿಯ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಿಗೆ ಸಿರಿಂಜಿನ ಅಗತ್ಯವೇ ಇಲ್ಲ. ಟ್ಯಾಂಕಿನ ಕೆಳಗೆರೆ ಮುಟ್ಟುವ ಮೊದಲು ಆಯಾ ಬಣ್ಣದ ಬಾಟಲಿಯನ್ನು ಆಯಾ ಟ್ಯಾಂಕಿಗೆ ಸುರಿದರೆ ಸಾಕು, ಕೆಳಗೆರೆ ದಾಟಲು ಬಿಟ್ಟರೆ ನಳಿಕೆಯೊಳಗೆ ಗಾಳಿ ಸೇರಿ ಬೇರೆಯದೇ ತಲೆನೋವು ಶುರುವಾಗುತ್ತದೆ. ಲೇಸರ್ ಪ್ರಿಂಟರಿನ ಟೋನರ್ ಒಣ ಪುಡಿ, ಅದಕ್ಕೂ ಇಲ್ಲಿ ಹೇಳುವ ವಿಧಾನಕ್ಕೂ ಸಂಬಂಧವಿಲ್ಲ.

ಎಚ್‌ಪಿ, ಕ್ಯಾನನ್ ಕಾರ್ಟ್ರಿಜ್‌ಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. 1977ರಲ್ಲಿ ಕ್ಯಾನನ್‌ನ ಪ್ರಯೋಗಾಲಯದಲ್ಲಿ ಇಂಕು ತುಂಬಿದ್ದ ಒಂದು ಸಿರಿಂಜಿನ ಸೂಜಿಗೆ ಕಾದ ಸೋಲ್ಡರಿಂಗ್ ಕಡ್ಡಿ ಆಕಸ್ಮಿಕವಾಗಿ ತಗುಲಿ, ಸೂಜಿಯ ತುದಿಯಿಂದ ಇಂಕು ಚಿಮ್ಮಿತು. ಅದನ್ನು ಗಮನಿಸಿದ ಇಚಿರೊ ಎಂಡೊ ಎಂಬ ಎಂಜಿನಿಯರ್ ಬಿಸಿಯಿಂದ ಇಂಕು ಚಿಮ್ಮಿಸುವ ತಂತ್ರದ ಬೆನ್ನು ಹತ್ತಿದರು. ಅತ್ತ ಎಚ್‌ಪಿಯೂ ಸ್ವತಂತ್ರವಾಗಿ ಇದೇ ಹಾದಿ ಹಿಡಿದು 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರನ್ನು ಹೊರತಂದಿತು. ಇಂದಿಗೂ ತತ್ವ ಅದೇ: ಪ್ರತಿ ನಾಜಲ್‌ನ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಹೀಟರ್ ಇದ್ದು, ಅದು ಕ್ಷಣಮಾತ್ರ ಕಾದು ಆವಿಯ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆ ಹನಿಯನ್ನು ಹೊರಗೆ ನೂಕುತ್ತದೆ. ಆ ಹೀಟರನ್ನು ತಂಪಾಗಿಡುವುದೂ ಅದೇ ಇಂಕು. ಹೀಗಾಗಿ ಇಂಕಿಲ್ಲದ ಕಾರ್ಟ್ರಿಜ್‌ಗೆ ಪ್ರಿಂಟ್ ಕೊಡುತ್ತ ಹೋದರೆ ಹೀಟರ್ ಸುಟ್ಟುಹೋಗುತ್ತದೆ, ಸುಟ್ಟ ನಾಜಲ್‌ಗೆ ಮರುಜೀವ ಕೊಡುವ ಉಪಾಯ ಮನೆಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ.

ಆದಕಾರಣ ಮಸುಕಿನ ಮೊದಲ ಗುರುತು ಕಂಡಕೂಡಲೇ ಕೆಲಸ ನಿಲ್ಲಿಸಬೇಕು. ಕನ್ನಡದ ಪುಟ ಈ ವಿಷಯದಲ್ಲಿ ಒಳ್ಳೆಯ ಪರೀಕ್ಷೆ: ಕ್ಷ, ಷ್ಟ್ರ, ತ್ತ್ವದಂಥ ಒತ್ತಕ್ಷರಗಳ ತೆಳುವಾದ ಗೆರೆಗಳಲ್ಲಿ ಬಿಳಿ ಎಳೆ ಕಾಣತೊಡಗಿದರೆ ಕೆಲವು ನಾಜಲ್‌ಗಳಿಗೆ ಇಂಕು ತಲುಪುತ್ತಿಲ್ಲವೆಂದೇ ಅರ್ಥ.

ಬೇಕಾದ ಸಾಮಾನು

ಸಾಮಾನಿನ ಪಟ್ಟಿ ದೊಡ್ಡದಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ 5 ಮಿಲಿಲೀಟರಿನ ಸಿರಿಂಜುಗಳು, ಕಪ್ಪಿಗೊಂದು, ಉಳಿದ ಮೂರು ಬಣ್ಣಗಳಿಗೆ ಒಂದೊಂದು, ಹೀಗೆ ನಾಲ್ಕು, 20 ಅಥವಾ 21 ಗೇಜಿನ ಉದ್ದನೆಯ ಸೂಜಿಗಳು, ಕೈಗವಸು, ಟಿಶ್ಯೂ ಪೇಪರ್, ಹಲ್ಲುಕಡ್ಡಿ, ಸೆಲೋಟೇಪ್, ಹಳೆಯ ವೃತ್ತಪತ್ರಿಕೆ, ಕನ್ನಡಕ ಒರೆಸುವಂಥ ನಯವಾದ ಬಟ್ಟೆ. ಒಂದು ಬಣ್ಣಕ್ಕೆ ಬಳಸಿದ ಸಿರಿಂಜನ್ನು ತೊಳೆದು ಇನ್ನೊಂದಕ್ಕೆ ಬಳಸುವ ಜಿಪುಣತನ ಬೇಡ.

ನೀರಿನ ವಿಚಾರ ಮಾತ್ರ ಬಿಡಿಸಿ ಹೇಳಬೇಕು. ಜಿಲ್ಲೆಯ ಬಹುತೇಕ ಕಡೆ ಕೊಳವೆಬಾವಿಯ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರೇ ಅದಕ್ಕೆ ಸಾಕ್ಷಿ. ಆ ಪದರು ಕೂದಲಿಗಿಂತ ಸಣ್ಣದಾದ ನಾಜಲ್‌ನ ಬಾಯಿಗೆ ಕೂತರೆ ಇಂಕು ಒಣಗಿದ್ದಕ್ಕಿಂತ ಹೆಚ್ಚಿನ ಕೇಡಾಗುತ್ತದೆ. ಆದ್ದರಿಂದ ಕಾರ್ಟ್ರಿಜ್ ಒರೆಸಲು, ನೆನೆಸಲು ನಲ್ಲಿಯ ನೀರನ್ನಾಗಲಿ ಬೋರಿನ ನೀರನ್ನಾಗಲಿ ಬಳಸದೆ, ಔಷಧಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತರಬೇಕು. ಅದು ಸಿಗದಿದ್ದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ, ಖನಿಜ ತೆಗೆದ ನೀರು ನಡೆದೀತು. ಆದರೆ ಬ್ಯಾಟರಿ ಆಸಿಡ್‌ನ ಬಾಟಲಿ ಅದರ ಪಕ್ಕದಲ್ಲೇ ಇರುವುದುಂಟು, ಲೇಬಲ್ ಓದಿಯೇ ಕೊಳ್ಳಬೇಕು.

ಇಂಕಿನಲ್ಲಿ ಎರಡು ಬಗೆ. ನೀರಿನಲ್ಲಿ ಪೂರ್ತಿ ಕರಗಿದ ಬಣ್ಣದ್ದು ಡೈ ಇಂಕು, ನುಣ್ಣನೆಯ ಬಣ್ಣದ ಕಣಗಳು ತೇಲುತ್ತಿರುವುದು ಪಿಗ್ಮೆಂಟ್ ಇಂಕು. ಎಚ್‌ಪಿಯ 803, ಕ್ಯಾನನ್‌ನ ಪಿಜಿ ಸರಣಿಯ ಕಪ್ಪು ಕಾರ್ಟ್ರಿಜ್‌ಗಳಲ್ಲಿ ಮೂಲದಲ್ಲಿ ಇರುವುದು ಪಿಗ್ಮೆಂಟ್. ಬಣ್ಣದ ಕಾರ್ಟ್ರಿಜ್‌ಗಳಲ್ಲಿ ಇರುವುದು ಡೈ. ಅಂಗಡಿಯವರು ಎಲ್ಲ ಪ್ರಿಂಟರಿಗೂ ನಡೆಯುತ್ತದೆ ಎಂದು ಕೊಡುವ ಬಾಟಲಿಯಲ್ಲಿ ಸಾಮಾನ್ಯವಾಗಿ ಡೈ ಇಂಕೇ ಇರುತ್ತದೆ. ಪಿಗ್ಮೆಂಟ್ ಇದ್ದ ಕಾರ್ಟ್ರಿಜ್‌ಗೆ ಡೈ ತುಂಬಿದರೆ ಅದು ಒಡನೆ ಕೆಡಲಾರದು, ಆದರೆ ಎರಡು ಬಗೆ ಒಳಗೆ ಬೆರೆತು ಕೆಲವೊಮ್ಮೆ ಗಷ್ಟು ಕಟ್ಟುತ್ತದೆ. ಅದಲ್ಲದೆ ಮುದ್ರಿತ ಹಾಳೆಗೆ ಒಂದು ಹನಿ ನೀರು ಬಿದ್ದರೂ ಅಕ್ಷರ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಸ್ಸಿನಲ್ಲಿ ಒಯ್ಯಬೇಕಾದ ಅರ್ಜಿ, ಮಹಿಳಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾದ ಪ್ರಬಂಧ, ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ ಜಮೀನಿನ ಕಾಗದದ ಪ್ರತಿ ಇವಕ್ಕೆಲ್ಲ ಪಿಗ್ಮೆಂಟ್ ಕಪ್ಪೇ ತಕ್ಕುದು. ಸ್ವಲ್ಪ ಹೆಚ್ಚು ಬೆಲೆಯಾದರೂ ನಿಮ್ಮ ಕಾರ್ಟ್ರಿಜ್ ಸಂಖ್ಯೆಯನ್ನು ಲೇಬಲ್ ಮೇಲೆ ಹೆಸರಿಸಿದ ಇಂಕನ್ನೇ ಕೊಳ್ಳುವುದು ಲೇಸು. ಲೆಕ್ಕ ಹಾಕಿದರೆ ಅದು ದುಬಾರಿಯೂ ಅಲ್ಲ: ಒಂದು ಸಲಕ್ಕೆ 5 ಮಿಲಿಲೀಟರ್ ಹಿಡಿಯುವ ಕಾರ್ಟ್ರಿಜನ್ನು 100 ಮಿಲಿಲೀಟರಿನ ಒಂದು ಬಾಟಲಿಯಿಂದ 20 ಸಲ ತುಂಬಬಹುದು. ಅಷ್ಟರೊಳಗೆ ಕಾರ್ಟ್ರಿಜೇ ಸವೆದಿರುತ್ತದೆ.

ಇದ್ದರೆ ಒಳ್ಳೆಯದು ಎನ್ನುವ ಇನ್ನೊಂದು ವಸ್ತು ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿ. ಹೊಸ ಕಾರ್ಟ್ರಿಜ್ ತಂದ ದಿನವೇ ತೂಕ ಮಾಡಿ ಒಂದು ಚೀಟಿಯಲ್ಲಿ ಬರೆದಿಟ್ಟರೆ, ಮುಂದೆ ಎಷ್ಟು ಖರ್ಚಾಗಿದೆ, ಎಷ್ಟು ತುಂಬಬೇಕು ಎಂಬುದು ಊಹೆಯ ವಿಷಯವಾಗಿ ಉಳಿಯುವುದಿಲ್ಲ. ಇಂಕು ನೀರಿಗಿಂತ ತುಸುವೇ ಭಾರವಾದ್ದರಿಂದ 1 ಗ್ರಾಮ್ ಎಂದರೆ ಸುಮಾರು 1 ಮಿಲಿಲೀಟರ್ ಎಂದು ಹಿಡಿದರೆ ತಪ್ಪಾಗದು. ಮರುಪೂರಣ ಮಾಡಿದ ಕಾರ್ಟ್ರಿಜ್‌ನಲ್ಲಿ ಎಷ್ಟು ಇಂಕು ಉಳಿದಿದೆ ಎಂದು ಪ್ರಿಂಟರ್ ಸರಿಯಾಗಿ ಹೇಳಲಾರದು, ಆಗ ನಂಬಬಹುದಾದ ಅಳತೆ ಈ ತಕ್ಕಡಿಯೊಂದೇ.

ಹೊತ್ತು ಮತ್ತು ಜಾಗ

ಬೆಳಗಿನ ಹೊತ್ತು, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಕೆಲಸಕ್ಕೆ ಕೂರುವುದು ಉತ್ತಮ. ಎರೆಮಣ್ಣಿನ ಸೀಮೆಯ ಧೂಳು ಬೇಸಿಗೆಯಲ್ಲಿ ಮನೆಯ ಮೂಲೆಮೂಲೆಗೂ ನುಗ್ಗುತ್ತದೆ, ಅದರ ಒಂದು ಕಣ ನಾಜಲ್ ಪಟ್ಟಿಯ ಮೇಲೆ ಕೂತರೂ ಪುಟದುದ್ದಕ್ಕೂ ಗೆರೆ ಬೀಳುತ್ತದೆ. ಮೇಜಿನ ಮೇಲೂ ಕೆಳಗೂ ವೃತ್ತಪತ್ರಿಕೆಯನ್ನು ಮೂರ್ನಾಲ್ಕು ಪದರು ಹಾಸಿರಬೇಕು. ಪಾಲಿಶ್ ಇಲ್ಲದ ಶಹಾಬಾದ್ ಫರಸಿಯ ನೆಲಕ್ಕೆ ಬಿದ್ದ ಇಂಕಿನ ಕಲೆ ಸುಲಭವಾಗಿ ಹೋಗುವಂಥದ್ದಲ್ಲ. ಅಡುಗೆಮನೆಯ ಕಟ್ಟೆಯನ್ನು ಇದಕ್ಕೆ ಬಳಸಲೇಬಾರದು. ಸೂಜಿಗಳಿರುವುದರಿಂದ ಮಕ್ಕಳು ಹತ್ತಿರ ಸುಳಿಯದಂತೆಯೂ ನೋಡಿಕೊಳ್ಳಬೇಕು.

ಕಪ್ಪು ಕಾರ್ಟ್ರಿಜ್

ಪ್ರಿಂಟರ್ ಚಾಲೂ ಇರುವಾಗಲೇ ಮುಚ್ಚಳ ತೆರೆದು, ಕಾರ್ಟ್ರಿಜ್‌ಗಳ ಗಾಡಿ ನಡುವಿಗೆ ಬಂದು ನಿಂತ ಮೇಲೆ ಕಾರ್ಟ್ರಿಜನ್ನು ಮೆಲ್ಲಗೆ ಬಿಡಿಸಿಕೊಳ್ಳಿ. ತಾಮ್ರದ ಚುಕ್ಕೆಗಳನ್ನೂ ಕೆಳಬದಿಯ ನಾಜಲ್ ಪಟ್ಟಿಯನ್ನೂ ಬೆರಳಿನಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಎರಡಕ್ಕೂ ಆಗದು. ಕಾರ್ಟ್ರಿಜ್ ಹೊರಗಿರುವಷ್ಟು ಹೊತ್ತೂ ಪ್ರಿಂಟರಿನ ಮುಚ್ಚಳ ಮುಚ್ಚಿರಲಿ.

ಮೇಲಿನ ಸ್ಟಿಕ್ಕರನ್ನು ಒಂದು ತುದಿಯಿಂದ ನಿಧಾನವಾಗಿ ಎಬ್ಬಿಸಿ, ಮತ್ತೆ ಅಂಟಿಸಲು ಬರುವಂತೆ ಜೋಪಾನವಾಗಿಡಿ. ಕೆಳಗೆ ಒಂದಕ್ಕಿಂತ ಹೆಚ್ಚು ರಂಧ್ರಗಳು ಮತ್ತು ಅಂಕುಡೊಂಕಾದ ಸಣ್ಣ ಕಾಲುವೆಗಳು ಕಾಣಿಸುತ್ತವೆ. ಆ ಕಾಲುವೆಗಳು ಒಳಗೆ ಗಾಳಿ ಹೋಗುವ ದಾರಿ. ಇಂಕು ಹೊರಹೋದಷ್ಟೂ ಗಾಳಿ ಒಳಬರಬೇಕು, ಇಲ್ಲವಾದರೆ ಹರಿವು ನಿಲ್ಲುತ್ತದೆ. ಸೂಜಿಯನ್ನು ರಂಧ್ರದಲ್ಲಿ ಇಳಿಸಿದಾಗ ಮೆತ್ತನೆಯ ತಡೆ ಸಿಕ್ಕರೆ ಅದು ಸ್ಪಂಜು, ನೀವು ಸರಿಯಾದ ಜಾಗದಲ್ಲಿದ್ದೀರಿ. ಸ್ವಲ್ಪ ಇಳಿಯುವಷ್ಟರಲ್ಲೇ ಗಟ್ಟಿ ಪ್ಲಾಸ್ಟಿಕ್ ತಗುಲಿದರೆ ಅದು ಕುರುಡು ರಂಧ್ರ, ಬಲವಂತ ಮಾಡದೆ ಬೇರೊಂದನ್ನು ನೋಡಿ.

ಪಿಗ್ಮೆಂಟ್ ಇಂಕಿನ ಬಾಟಲಿಯನ್ನು ತುಂಬುವ ಮೊದಲು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ ಕಣಗಳನ್ನು ಬೆರೆಸಿಕೊಳ್ಳಬೇಕು. ಕುಲುಕಿದರೆ ನೊರೆ ಏಳುತ್ತದೆ, ನೊರೆಯೆಂದರೆ ಗಾಳಿ. ಸಿರಿಂಜಿಗೆ ಇಂಕನ್ನು ಎಳೆದುಕೊಂಡ ಮೇಲೆ ಸೂಜಿ ಮೇಲ್ಮುಖವಾಗಿ ಹಿಡಿದು, ಬೆರಳಿನಿಂದ ತಟ್ಟಿ, ಗುಳ್ಳೆಗಳನ್ನೆಲ್ಲ ಹೊರಹಾಕಿ. ಅನಂತರ ಸೂಜಿಯನ್ನು ಸ್ಪಂಜಿನ ತಳದ ಹತ್ತಿರದವರೆಗೂ ಇಳಿಸಿ, ತಳವನ್ನು ಕುಟ್ಟದೆ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ, ನಿಮಿಷಕ್ಕೆ ಒಂದು ಮಿಲಿಲೀಟರ್ ಹೋಗುವಷ್ಟು ನಿಧಾನವಾಗಿ ಒತ್ತುತ್ತಿರಬೇಕು. ಒಣಭೂಮಿಗೆ ಒಮ್ಮೆಲೇ ಬಿದ್ದ ದೊಡ್ಡ ಮಳೆ ಮೇಲಿಂದ ಮೇಲೆಯೇ ಹರಿದುಹೋಗುವಂತೆ, ಅವಸರದಲ್ಲಿ ನೂಕಿದ ಇಂಕು ಸ್ಪಂಜಿನೊಳಗೆ ಇಂಗದೆ ಬದಿಯಿಂದ ಮೇಲೇರಿ ಬರುತ್ತದೆ. ನಡುವೆ ಗಾಳಿಯ ಪೊಳ್ಳುಗಳು ಉಳಿದುಬಿಡುತ್ತವೆ. ಹೊರಗಿನಿಂದ ನೋಡಿದರೆ ಕಾರ್ಟ್ರಿಜ್ ತುಂಬಿದಂತೆ ತೋರುತ್ತದೆ, ಆದರೆ ಅರ್ಧ ಪುಟಕ್ಕೇ ಅಕ್ಷರ ನಿಲ್ಲುತ್ತದೆ.

ಸಣ್ಣ ಕಪ್ಪು ಕಾರ್ಟ್ರಿಜ್‌ಗಳಿಗೆ ಸಾಮಾನ್ಯವಾಗಿ 4ರಿಂದ 6 ಮಿಲಿಲೀಟರ್ ಸಾಕಾಗುತ್ತದೆ, ಹೆಚ್ಚು ಹಿಡಿಯುವ ಎಕ್ಸ್‌ಎಲ್ ನಮೂನೆಗಳಿಗೆ ಅದಕ್ಕಿಂತ ಜಾಸ್ತಿ. ಅಂಕಿಗಿಂತಲೂ ಕಣ್ಣನ್ನು ನಂಬಿ: ರಂಧ್ರದ ಬಾಯಲ್ಲಿ ಇಂಕು ಮಿನುಗಿದೊಡನೆ ಒತ್ತುವುದನ್ನು ನಿಲ್ಲಿಸಿ, ಅರ್ಧ ಮಿಲಿಲೀಟರಿನಷ್ಟು ಹಿಂದಕ್ಕೆ ಎಳೆದುಕೊಂಡು ಸೂಜಿ ತೆಗೆಯಿರಿ. ಸ್ಪಂಜು ಕಂಠಪೂರ್ತಿ ಕುಡಿದಿರಬಾರದು. ಇಂಕನ್ನು ಹಿಡಿದಿಟ್ಟುಕೊಳ್ಳುವ ಎಳೆತ ಅದರಲ್ಲಿ ಉಳಿದಿದ್ದರೆ ಮಾತ್ರ ನಾಜಲ್‌ನಿಂದ ತಾನಾಗಿ ತೊಟ್ಟಿಕ್ಕುವುದಿಲ್ಲ.

ಬಣ್ಣದ ಕಾರ್ಟ್ರಿಜ್

ಇಲ್ಲಿ ಮೂರು ಕೋಣೆಗಳು: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕಡುಗುಲಾಬಿ, ಮತ್ತು ಹಳದಿ. ಯಾವ ರಂಧ್ರ ಯಾವ ಬಣ್ಣದ್ದು ಎಂಬುದು ನಮೂನೆಯಿಂದ ನಮೂನೆಗೆ ಬದಲಾಗುತ್ತದೆ, ಯಾರೋ ಬರೆದ ಚಿತ್ರಪಟವನ್ನು ನಂಬಿ ತುಂಬುವುದು ಸಲ್ಲ. ಪ್ರತಿ ರಂಧ್ರಕ್ಕೂ ಬೇರೆ ಬೇರೆ ಹಲ್ಲುಕಡ್ಡಿ ಇಳಿಸಿ ತೆಗೆದು ನೋಡಬೇಕು. ಒದ್ದೆ ಕಡ್ಡಿಯ ಮೇಲೆ ನೀಲಿಯೂ ಗುಲಾಬಿಯೂ ಒಂದೇ ಥರ ಕಪ್ಪಾಗಿ ಕಾಣುವುದರಿಂದ, ಕಡ್ಡಿಯನ್ನು ಬಿಳಿ ಟಿಶ್ಯೂ ಮೇಲೆ ಉಜ್ಜಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ. ತಿಳಿದ ಬಣ್ಣದ ಹೆಸರನ್ನು ರಂಧ್ರದ ಪಕ್ಕದಲ್ಲೇ ಮಾರ್ಕರ್‌ನಿಂದ ಬರೆದುಬಿಟ್ಟರೆ ಮುಂದಿನ ಸಲಕ್ಕೂ ಆಯಿತು.

ಹಳದಿಯಿಂದ ಶುರು ಮಾಡಿ, ನಂತರ ಗುಲಾಬಿ, ಕೊನೆಗೆ ನೀಲಿ. ತಿಳಿಬಣ್ಣದ ಕೋಣೆಗೆ ಗಾಢಬಣ್ಣದ ಒಂದು ಹನಿ ಸೇರಿದರೂ ಎದ್ದು ಕಾಣುತ್ತದೆ, ತಿರುಗಾದರೆ ಅಷ್ಟು ಬಾಧಕವಿಲ್ಲ. ಪ್ರತಿ ಕೋಣೆಗೆ ಒಂದೂವರೆಯಿಂದ 2 ಮಿಲಿಲೀಟರ್ ಸಾಕು. ಮೂರೂ ಬಣ್ಣ ಸಮವಾಗಿ ತೀರಿರುವುದಿಲ್ಲ ಎಂಬುದನ್ನು ಮರೆಯಬಾರದು. ಮದುವೆಯ ಆಮಂತ್ರಣ, ಅರಿಶಿನ ಕುಂಕುಮದ ಬಣ್ಣದ ಪತ್ರಿಕೆಗಳನ್ನು ಹೆಚ್ಚು ತೆಗೆಯುವ ಮನೆಯಲ್ಲಿ ಹಳದಿ, ಗುಲಾಬಿ ಮೊದಲು ಮುಗಿದು ನೀಲಿ ಹಾಗೆಯೇ ಉಳಿದಿರುತ್ತದೆ. ತುಂಬಿದ್ದ ಕೋಣೆಗೆ ಮತ್ತೆ ನೂಕಿದರೆ ಉಕ್ಕಿ ಪಕ್ಕದ ಕೋಣೆಗೆ ಇಳಿಯುತ್ತದೆ, ಆಗ ಹಳದಿ ಹಸಿರಾಗುತ್ತದೆ. ಹಾಗಾದರೆ ಕೂಡಲೇ ಹೊಸ ಸಿರಿಂಜಿನಿಂದ ಹಳದಿ ಕೋಣೆಯ ಮೇಲ್ಭಾಗದ ಇಂಕನ್ನು ಎಳೆದು ತೆಗೆದು, ಪೂರ್ತಿ ಹಳದಿ ಬಣ್ಣದ ಒಂದೆರಡು ಪುಟ ಪ್ರಿಂಟ್ ತೆಗೆದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮುಚ್ಚುವುದು, ಕೂರಿಸುವುದು

ಸೂಜಿ ತೆಗೆದ ಮೇಲೆ ಸ್ಟಿಕ್ಕರನ್ನು ಮೊದಲಿದ್ದಂತೆಯೇ ಅಂಟಿಸಿ. ಅದು ಹರಿದಿದ್ದರೆ ಸೆಲೋಟೇಪಿನ ತುಂಡು ಸಾಕು, ಆದರೆ ಗಾಳಿಯ ಕಾಲುವೆಯ ತುದಿ ತೆರೆದೇ ಇರಬೇಕು. ನಾಜಲ್ ಪಟ್ಟಿಯ ಮೇಲೆ ಸಾದಾ ಸೆಲೋಟೇಪ್ ಅಂಟಿಸುವುದು ಬೇಡ, ಅದರ ಗೋಂದು ನಾಜಲ್‌ಗಳಲ್ಲಿ ಕೂರುತ್ತದೆ.

ಡಿಸ್ಟಿಲ್ಡ್ ವಾಟರಿನಲ್ಲಿ ತುಸು ಒದ್ದೆ ಮಾಡಿದ ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಅದರ ಮೇಲೆ ನಾಜಲ್ ಪಟ್ಟಿಯನ್ನು ಕೆಲವು ಸೆಕೆಂಡು ಒತ್ತಿ ಎತ್ತಿರಿ, ಉಜ್ಜಬಾರದು. ಕಪ್ಪಿನದಾದರೆ ಒಂದು ದಟ್ಟವಾದ ಪಟ್ಟಿ, ಬಣ್ಣದ್ದಾದರೆ ಮೂರು ಬೇರೆ ಬೇರೆ ಪಟ್ಟಿಗಳು ಮೂಡಿದರೆ ಇಂಕು ನಾಜಲ್‌ಗೆ ತಲುಪಿದೆ ಎಂದು ತಿಳಿಯಬಹುದು. ಯಾವುದೇ ಪಟ್ಟಿ ಮೂಡದಿದ್ದರೆ ರೀಫಿಲ್ ಕಿಟ್‌ಗಳಲ್ಲಿ ಬರುವ ಹೀರುವ ಕ್ಲಿಪ್ಪಿಗೆ ಕಾರ್ಟ್ರಿಜ್ ಕೂರಿಸಿ, ಸಿರಿಂಜಿನಿಂದ ಕೆಳಗಿನಿಂದ ತುಸುವೇ ಎಳೆಯಬೇಕು. ಬಾಯಿಂದ ಊದುವುದು, ಕಾರ್ಟ್ರಿಜನ್ನು ಜಾಡಿಸುವುದು ಇವೆಲ್ಲ ಗೋಡೆಗೆ ಬಣ್ಣ ಹೊಡೆಯುವ ದಾರಿಗಳು.

ಟಿಶ್ಯೂ ಮೇಲೆ ಗುರುತು ಸರಿಯಾಗಿ ಬಂದ ಮೇಲೆಯೂ ಒಂದು ಗಂಟೆ ತಾಳಿ. ಕಾರ್ಟ್ರಿಜ್ ಪ್ರಿಂಟರಿನಲ್ಲಿ ಯಾವ ಭಂಗಿಯಲ್ಲಿ ಕೂರುತ್ತದೆಯೋ ಅದೇ ಭಂಗಿಯಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿ, ಒದ್ದೆ ಹತ್ತಿಯ ಉಂಡೆಯೊಂದನ್ನು ಜೊತೆಗಿಟ್ಟು ಬಿಟ್ಟರೆ ಇಂಕು ಸ್ಪಂಜಿನ ತುಂಬ ಸಮವಾಗಿ ಹರಡುತ್ತದೆ. ಅನಂತರ ತಾಮ್ರದ ಚುಕ್ಕೆಗಳನ್ನು ನಯವಾದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪ್ರಿಂಟರಿನಲ್ಲಿ ಕೂರಿಸಿ.

ಕಂಪ್ಯೂಟರ್ ಪರದೆಯ ಮೇಲೆ ಆಗ ಬರುವ ಸಂದೇಶಗಳಿಗೆ ಅಂಜಬೇಕಾಗಿಲ್ಲ. ಎಚ್‌ಪಿಯಲ್ಲಿ ಬಳಸಿದ ಅಥವಾ ನಕಲಿ ಕಾರ್ಟ್ರಿಜ್ ಎಂಬ ಸೂಚನೆ ಬಂದರೆ ಓಕೆ ಕೊಟ್ಟು ಮುಂದುವರಿಯಬಹುದು. ಇಂಕಿನ ಮಟ್ಟ ಮಾತ್ರ ಖಾಲಿ ಎಂದೇ ತೋರಿಸುತ್ತಿರುತ್ತದೆ. ಕ್ಯಾನನ್‌ನ ಹಲವು ಪಿಕ್ಸ್ಮಾ ಪ್ರಿಂಟರ್‌ಗಳಲ್ಲಿ 1686 ಅಥವಾ 1688 ಸಂಖ್ಯೆ, ಚಿಕ್ಕ ಪರದೆಯಿದ್ದರೆ ಇ13 ಅಥವಾ ಇ16 ಕಾಣಿಸುತ್ತದೆ. ಸ್ಟಾಪ್ ಗುಂಡಿಯನ್ನು 5 ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿಹಿಡಿದರೆ ಇಂಕಿನ ಮಟ್ಟ ಅಳೆಯುವುದನ್ನು ಪ್ರಿಂಟರ್ ಬಿಟ್ಟುಬಿಡುತ್ತದೆ. ಬೇರೆಯವರು ಬಳಸಿದ ಎಚ್‌ಪಿ ಕಾರ್ಟ್ರಿಜ್ ತಂದು ತುಂಬುವವರು ಇನ್ನೊಂದು ಸಂಗತಿ ಗಮನಿಸಬೇಕು: ಹಿಂದಿನ ಪ್ರಿಂಟರಿನಲ್ಲಿ ಕಾರ್ಟ್ರಿಜ್ ಪ್ರೊಟೆಕ್ಷನ್ ಎಂಬ ಆಯ್ಕೆ ಚಾಲೂ ಇದ್ದರೆ ಆ ಕಾರ್ಟ್ರಿಜ್ ಇನ್ನೊಂದು ಪ್ರಿಂಟರಿಗೆ ಒಗ್ಗುವುದಿಲ್ಲ. ತುಂಬಿದ ಇಂಕಿನಿಂದಲೇ ಪ್ರಿಂಟರಿಗೆ ಹಾನಿಯಾದರೆ ಅದು ವಾರಂಟಿಯೊಳಗೆ ಬರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಿಂಟ್ ಸರಿಬಾರದಿದ್ದರೆ

ದೋಷ ಯಾವ ರೂಪದಲ್ಲಿ ಕಾಣುತ್ತದೆ ಎಂಬುದರಲ್ಲೇ ಅದರ ಕಾರಣವೂ ಇರುತ್ತದೆ. ಮೊದಲ ಪುಟ ಚೆನ್ನಾಗಿ ಶುರುವಾಗಿ ನಡುವಿನಿಂದ ಕೆಳಗೆ ಮಸುಕಾಗುತ್ತ ಹೋದರೆ ಗಾಳಿಯ ದಾರಿ ಮುಚ್ಚಿದೆ. ಸ್ಟಿಕ್ಕರನ್ನು ತುಸು ಎತ್ತಿ ಮತ್ತೊಂದು ಪುಟ ತೆಗೆದು ನೋಡಿ, ಸರಿಹೋದರೆ ರೋಗ ಅದೇ. ಮೊದಲ ಸಾಲಿನಿಂದಲೇ ಬಿಳಿ ಗೆರೆಗಳಿದ್ದು, ಪುಟದುದ್ದಕ್ಕೂ ಅದೇ ಜಾಗದಲ್ಲಿ ಮರುಕಳಿಸಿದರೆ ನಾಜಲ್ ಕಟ್ಟಿದೆ. ಗೆರೆಗಳು ಒಂದೊಂದು ಸಲ ಒಂದೊಂದು ಕಡೆ ಬಂದರೆ ಸ್ಪಂಜಿನಲ್ಲಿ ಗಾಳಿ ಉಳಿದಿದೆ. ಅದಕ್ಕೆ ಒಂದು ರಾತ್ರಿ ಬಿಟ್ಟು ನೋಡುವುದೇ ಮೊದಲ ಮದ್ದು. ಹಾಳೆಯ ಮೇಲೆ ಕಪ್ಪು ಹನಿಗಳು ಬಿದ್ದರೆ ಇಂಕು ಹೆಚ್ಚಾಗಿದೆ. ಮಡಿಸಿದ ಟಿಶ್ಯೂ ಮೇಲೆ ನಾಜಲ್ ಪಟ್ಟಿಯನ್ನು ಸ್ವಲ್ಪ ಹೊತ್ತು ಇಟ್ಟು ಹೆಚ್ಚಿನದನ್ನು ಹೀರಲು ಬಿಡಬೇಕು.

ಕಟ್ಟಿದ ನಾಜಲ್‌ಗೆ ಪ್ರಿಂಟರಿನ ಹೆಡ್ ಕ್ಲೀನಿಂಗ್ ಆಯ್ಕೆಯನ್ನು ಒಂದೆರಡು ಸಲ ಬಳಸಬಹುದು. ಮೇಲಿಂದ ಮೇಲೆ ಅದನ್ನೇ ಒತ್ತುವುದು ವ್ಯರ್ಥ, ಪ್ರತಿ ಸಲವೂ ಅದು ನೀವು ಈಗಷ್ಟೇ ತುಂಬಿದ ಇಂಕನ್ನೇ ಕುಡಿಯುತ್ತದೆ. ಬದಲಿಗೆ ಚಪ್ಪಟೆ ತಟ್ಟೆಯೊಂದರಲ್ಲಿ ಕೈ ತಾಳುವಷ್ಟು ಬಿಸಿಯಾದ ಡಿಸ್ಟಿಲ್ಡ್ ವಾಟರನ್ನು 2-3 ಮಿಲಿಮೀಟರ್ ಎತ್ತರಕ್ಕೆ ಹಾಕಿ, ನಾಜಲ್ ಪಟ್ಟಿ ಮಾತ್ರ ಮುಳುಗುವಂತೆ, ತಾಮ್ರದ ಚುಕ್ಕೆಗಳಿಗೆ ನೀರು ತಾಗದಂತೆ ಐದು ನಿಮಿಷ ನಿಲ್ಲಿಸಿ, ಟಿಶ್ಯೂ ಮೇಲೆ ಒತ್ತಿ ನೋಡುವುದು ಫಲಕಾರಿ. ಒಣಗಿದ ಡೈ ಇಂಕು ಇದಕ್ಕೆ ಬೇಗ ಕರಗುತ್ತದೆ, ಪಿಗ್ಮೆಂಟ್ ಹಠ ಹಿಡಿಯುತ್ತದೆ.

ತುಂಬಿದ ಮೇಲಿನ ಆರೈಕೆ

ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣಗಳೂ ಇರುವ ಒಂದು ಪುಟವನ್ನು ಪ್ರಿಂಟ್ ತೆಗೆಯುವುದು ರೂಢಿಯಾಗಲಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲವಾದರೂ ತಪ್ಪಿಲ್ಲ. ಪ್ರಿಂಟರನ್ನು ಯಾವಾಗಲೂ ಅದರ ಗುಂಡಿಯಿಂದಲೇ ಆರಿಸಬೇಕು. ಗುಂಡಿ ಒತ್ತಿದಾಗ ಗಾಡಿ ಬಲಬದಿಯ ಮೂಲೆಗೆ ಹೋಗಿ, ರಬ್ಬರಿನ ಟೋಪಿಯ ಮೇಲೆ ಕೂತು, ನಾಜಲ್‌ಗಳು ಗಾಳಿಗೆ ಒಡ್ಡಿಕೊಳ್ಳದಂತೆ ಮುಚ್ಚಿಕೊಳ್ಳುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಅಥವಾ ಪ್ರಿಂಟ್ ನಡೆಯುವಾಗ ಕರೆಂಟು ಹೋದರೆ ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಾಗೆ ಬಾಯಿ ತೆರೆದು ಕೂತ ಕಾರ್ಟ್ರಿಜ್ ಸಂಜೆಯ ಹೊತ್ತಿಗೆ ಕಟ್ಟಿಕೊಂಡರೆ ಆಶ್ಚರ್ಯವಿಲ್ಲ. ಕರೆಂಟು ಮರಳಿದ ಕೂಡಲೇ ಒಮ್ಮೆ ಚಾಲೂ ಮಾಡಿ, ಗುಂಡಿಯಿಂದ ಆರಿಸಿದರೆ ಸಾಕು. ಮನೆಯಲ್ಲಿ ಯುಪಿಎಸ್ ಇದ್ದರೆ ಪ್ರಿಂಟರನ್ನೂ ಅದಕ್ಕೇ ಜೋಡಿಸಿ. ಬಳಸದ ಹೊತ್ತಿನಲ್ಲಿ ಪ್ರಿಂಟರಿನ ಮೇಲೊಂದು ಬಟ್ಟೆ ಹೊದಿಸುವುದು, ಇಂಕಿನ ಬಾಟಲಿಗಳನ್ನು ಬಿಸಿಲು ಬೀಳದ ತಂಪು ಕಪಾಟಿನಲ್ಲಿ ಇಡುವುದು ಇಷ್ಟಾದರೆ ಆಯಿತು.

ಒಂದು ಕಾರ್ಟ್ರಿಜನ್ನು ಎಷ್ಟು ಸಲ ತುಂಬಬಹುದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬರಿದಾಗುವ ಮೊದಲೇ ತುಂಬುತ್ತ ಬಂದರೆ ನಾಲ್ಕೈದು ಸಲ ತೊಂದರೆಯಿಲ್ಲದೆ ನಡೆಯುವುದುಂಟು. ನೆನೆಸಿ, ಒರೆಸಿ, ಸರಿಯಾಗಿ ತುಂಬಿದ ಮೇಲೂ ಅದೇ ಜಾಗದಲ್ಲಿ ಬಿಳಿ ಗೆರೆ ಉಳಿದರೆ, ಇಲ್ಲವೇ ಪ್ರಿಂಟರ್ ಆ ಕಾರ್ಟ್ರಿಜನ್ನು ಗುರುತಿಸಲೇ ಒಪ್ಪದಿದ್ದರೆ, ಹೀಟರ್ ಅಥವಾ ಒಳಗಿನ ವಿದ್ಯುತ್ ಜಾಲ ಹೋಗಿದೆಯೆಂದು ತಿಳಿದು ಹೊಸದನ್ನು ಕೊಳ್ಳುವುದೇ ಸರಿ. ಹಳೆಯದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ಸೂಜಿಗಳನ್ನು ಹಾಗೆಯೇ ಕಸದ ಬುಟ್ಟಿಗೆ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುವುದರಿಂದ, ಅವನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಮೇಲೆ ಸೂಜಿ ಎಂದು ಬರೆದು, ಕಸದ ಗಾಡಿ ಬಂದಾಗ ಬೇರೆಯಾಗಿಯೇ ಕೊಡಿ.